ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: 14,000 ಕಿಮೀನಾ, 16,000 ಕಿಮೀನಾ?

ಪ್ರಶ್ನೆ: ನಾನು ತಿಪಟೂರಿನವಳು, 63 ವರ್ಷ. ಮಗಳ ಬಾಣಂತನಕ್ಕೆ ಅಂತ ನಾನು, ನಮ್ಮ ಯಜಮಾನ್ರು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗ್ಬೇಕು. ಅವರಿಗೆ 68, ಐದು ತಿಂಗಳ ಹಿಂದೆ ಮೊಣಕಾಲಿನ ಆಪರೇಷನ್ ಆಗಿದೆ. ಮೊಬೈಲಲ್ಲಿ ನೋಡಿದ್ರೆ ದೂರ 14,000 ಕಿಮೀ ಅಂತ ಬರುತ್ತೆ, ಪೇಪರಲ್ಲಿ 16,000 ಅಂತ ಓದಿದ ನೆನಪು. ವಿಮಾನ ಉತ್ತರ ಧ್ರುವದ ಮೇಲೆ ಹೋಗುತ್ತೆ ಅಂತಾರೆ ಅಳಿಯ. ಮಗಳು ಸ್ಕೂಲಿಗೆ ಹೋಗುವಾಗ ತಂದ ಮ್ಯಾಪ್ ಇನ್ನೂ ಗೋಡೇಲಿದೆ, ಅದರಲ್ಲಿ ನೋಡಿದ್ರೆ ಧ್ರುವ ದಾರೀಲೇ ಇಲ್ಲ. ಪಕ್ಕದ ಮನೆಯವರು ಅಷ್ಟು ದೂರಕ್ಕೆ ಪೆಟ್ರೋಲ್ ಸಾಲಲ್ಲ, ಮಧ್ಯೆ ಟೆಕ್ನಿಕಲ್ ಸ್ಟಾಪ್ ಮಾಡ್ತಾರೆ, ಅಂದ್ರೆ ವಿಮಾನದಲ್ಲಿ ಏನೋ ರಿಪೇರಿ ಇದೆ ಅಂತ ಅರ್ಥ ಅಂತ ಹೆದರಿಸಿದ್ದಾರೆ. ಏಜೆಂಟ್ ನಾನ್‌ಸ್ಟಾಪ್, ಡೆಲ್ಲಿ, ದುಬೈ, ಫ್ರಾಂಕ್‌ಫರ್ಟ್, ಟೋಕಿಯೋ ಅಂತ ಐದು ದಾರಿ ಹೇಳ್ತಿದ್ದಾರೆ. ಯಾವುದು ಹತ್ತಿರ, ಯಾವುದು ಸೇಫ್? ಕೊಬ್ಬರಿ, ಅಂಟಿನುಂಡೆ ಎಲ್ಲ ತಗೊಂಡು ಹೋಗ್ಬೇಕು, ಅದಕ್ಕೂ ಹೇಳಿ.

ಉತ್ತರ: ಅಮ್ಮಾ, ನಿಮ್ಮ ಪ್ರಶ್ನೆಯಲ್ಲಿ ಐದಾರು ಪ್ರಶ್ನೆ ಸೇರ್ಕೊಂಡಿವೆ. ದೂರ ಎಷ್ಟು ಅಂತ ಕೇಳಿದೀರ, ಆದ್ರೆ ನಿಮಗೆ ಬೇಕಾಗಿರೋದು ಯಜಮಾನ್ರ ಮೊಣಕಾಲಿಗೆ ಯಾವ ದಾರಿ ಆಗಿಬರುತ್ತೆ ಅನ್ನೋದು ಅಂತ ನಂಗನ್ಸುತ್ತೆ. ಅಲ್ಲಿಗೆ ಬರ್ತೀನಿ, ಮೊದಲು ಈ ಕಿಲೋಮೀಟರ್ ಗಲಾಟೆ ಮುಗಿಸೋಣ. ನಾನು ಪೈಲಟ್ ಅಲ್ಲ, ಡಿಸ್ಪ್ಯಾಚರ್ ಆಗಿದ್ದವನು. ಅಂದ್ರೆ ವಿಮಾನ ಹೊರಡೋ ಮುಂಚೆ ನೆಲದ ಮೇಲೆ ಕೂತು, ಇವತ್ತು ಯಾವ ದಾರಿ, ಎಷ್ಟು ಇಂಧನ, ದಾರೀಲಿ ಏನಾದ್ರೂ ಆದ್ರೆ ಎಲ್ಲಿ ಇಳಿಯೋದು ಅಂತ ಪ್ಲಾನ್ ಮಾಡಿ ಕ್ಯಾಪ್ಟನ್ ಕೈಗೆ ಕೊಡೋ ಕೆಲಸ. ಇಪ್ಪತ್ತು ವರ್ಷದ ಮೇಲೆ ಅದನ್ನೇ ಮಾಡಿದೀನಿ.

ಗೋಡೆ ಮೇಲಿನ ಮ್ಯಾಪನ್ನ ಈ ವಿಷಯಕ್ಕೆ ಮರೆತುಬಿಡಿ. ಅದರಲ್ಲಿ ಸ್ಕೇಲ್ ಇಟ್ಟು ಬೆಂಗಳೂರಿಂದ ಎಡಕ್ಕೆ ಗೆರೆ ಎಳೆದ್ರೆ ಅರಬ್ಬೀ ಸಮುದ್ರ, ಸಹಾರಾ ಮರುಭೂಮಿ, ಅಟ್ಲಾಂಟಿಕ್, ಆಮೇಲೆ ಇಡೀ ಅಮೆರಿಕ ದಾಟಿ ಸ್ಯಾನ್ ಫ್ರಾನ್ಸಿಸ್ಕೋ ಸಿಗುತ್ತೆ ಅಲ್ವಾ, ಆ ಗೆರೆ ಹಿಡ್ಕೊಂಡೇ ನಿಜವಾಗ್ಲೂ ಹಾರಿದ್ರೆ ಸುಮಾರು 20,000 ಕಿಮೀ ಆಗುತ್ತೆ, ಭೂಮಿಯ ಸುತ್ತಳತೆಯೇ 40,000 ಚಿಲ್ಲರೆ, ಅಂದ್ರೆ ಅರ್ಧ ಭೂಮಿ ಸುತ್ತಿದಂಗೆ! ಗುಂಡಗಿರೋದನ್ನ ಚಪ್ಪಟೆ ಮಾಡಿದ್ರೆ ಇದೇ ಕಥೆ. ತಿಪಟೂರಿನವರಿಗೆ ತೆಂಗಿನಕಾಯಿ ತಗೊಳ್ಳಿ ಅನ್ನಬೇಕಿತ್ತು, ಅದು ಸರಿಯಾಗಿ ಗುಂಡಗಿರಲ್ಲ, ಒಂದು ಮೂಸಂಬಿ ತಗೊಳ್ಳಿ. ತೊಟ್ಟಿನ ಜಾಗ ಉತ್ತರ ಧ್ರುವ ಅಂದ್ಕೊಳ್ಳಿ. ಒಂದು ಪಕ್ಕ ಬೆಂಗಳೂರಿಗೆ ಪೆನ್ನಲ್ಲಿ ಚುಕ್ಕೆ ಇಡಿ, ಹೆಚ್ಚುಕಮ್ಮಿ ಆ ಕಡೆ ಪಕ್ಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಇನ್ನೊಂದು. ಈಗ ಒಂದು ದಾರ ಹಿಡಿದು ಬಿಗಿಯಾಗಿ ಎಳೀರಿ, ಅದು ತಾನಾಗೇ ಜಾರಿ ತೊಟ್ಟಿನ ಹತ್ತಿರಕ್ಕೆ ಬರುತ್ತೆ. ಆ ದಾರದ ಉದ್ದವೇ ನಿಮ್ಮ ಮೊಬೈಲ್ ತೋರಿಸೋ 14,000, ಸರಿಯಾಗಿ ಹೇಳ್ಬೇಕಂದ್ರೆ 13,990ರ ಆಸುಪಾಸು.

ಈ ದಾರದ ಕೆಳಗೆ ಬರೋ ಊರುಗಳನ್ನ ಕೇಳಿದ್ರೆ ಆಶ್ಚರ್ಯ ಆಗುತ್ತೆ. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮದ ಅಂಚು, ಸೈಬೀರಿಯಾ, ರಷ್ಯಾದ ಈಶಾನ್ಯ ಮೂಲೆ, ಅಲಾಸ್ಕಾ, ಆಮೇಲೆ ಪೆಸಿಫಿಕ್ ಅಂಚಲ್ಲಿ ಕೆಳಗಿಳಿದು ಕ್ಯಾಲಿಫೋರ್ನಿಯಾ. ಧ್ರುವ ಇದರಲ್ಲಿ ಇಲ್ಲ, ಅಲ್ಲಿಂದ 2,100 ಕಿಮೀ ಈಚೆಗೇ ದಾರ ಹಾದುಹೋಗುತ್ತೆ. ಆದ್ರೆ ಅಳಿಯ ಸುಳ್ಳು ಹೇಳಿಲ್ಲ. ಸರಿಯಾಗಿ ಧ್ರುವದ ನೆತ್ತಿ ಮೇಲೇ ಹಾರಿದ್ರೂ ಸುಮಾರು 14,360 ಕಿಮೀ ಆಗುತ್ತೆ, 400 ಕಿಮೀ ಒಳಗೇ ವ್ಯತ್ಯಾಸ. ಹಾಗಾಗಿ ಗಾಳಿ ಆ ಕಡೆ ಚೆನ್ನಾಗಿದ್ರೆ ಅಲ್ಲೇ ಹೋಗ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರಿನ ಮಧ್ಯೆ ಮೊದಲ ನಾನ್‌ಸ್ಟಾಪ್ ಹಾರಿಸಿದಾಗ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತೆ ಅವರ ಜೊತೆಯವರು, ಕಾಕ್‌ಪಿಟ್‌ನಲ್ಲಿ ಇದ್ದೋರೆಲ್ಲ ಹೆಣ್ಮಕ್ಕಳೇ, ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಧ್ರುವದ ಮೇಲೆ ಹಾದು 11ನೇ ತಾರೀಖು ಬೆಳಗಿನ ಜಾವ ಬೆಂಗಳೂರಲ್ಲಿ ಇಳಿದಿದ್ರು. ನೀವು ಪೇಪರಲ್ಲಿ 16,000 ಅಂತ ಓದಿದ್ದು ಆಗಲೇ ಇರ್ಬೇಕು. 13,993 ಅಂತ ಬಂದಿದ್ದು ನೇರ ಅಂತರ, 16,000 ಅಂತ ಬಂದಿದ್ದು ಹಾರೋ ದಾರಿಯದ್ದು, ಅದೂ ರೌಂಡ್ ಫಿಗರ್. ತಿಪಟೂರಿಂದ ಹಾಸನಕ್ಕೆ ಕಾಗೆ ಹಾರೋ ದೂರಾನೇ ಬೇರೆ, ಬಸ್ಸಿನ ದೂರಾನೇ ಬೇರೆ ಅಲ್ವಾ, ಹಂಗೇ.

ವಿಮಾನಕ್ಕೂ ಬಸ್ ರೋಡ್ ಇದೆಯಾ ಅಂತ ಕೇಳ್ತೀರ. ಇದೆ. ಟಿಬೆಟ್‌ನೇ ತಗೊಳ್ಳಿ, ಅಲ್ಲಿ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ವಿಮಾನದೊಳಗಿನ ಗಾಳಿ ಒತ್ತಡ ಏನಾದ್ರೂ ಕಮ್ಮಿ ಆದ್ರೆ ಸುಮಾರು 3,000 ಮೀಟರಿಗೆ ಇಳೀಬೇಕು, ನಿಮ್ಮ ತಲೆ ಮೇಲಿಂದ ಇಳಿಬೀಳೋ ಆಕ್ಸಿಜನ್ ಮಾಸ್ಕ್ ನಡೆಯೋದು ಹತ್ತಿಪ್ಪತ್ತು ನಿಮಿಷ ಅಷ್ಟೇ. ಕೆಳಗೆ ಬೆಟ್ಟ ಇದ್ರೆ ಇಳಿಯೋದೆಲ್ಲಿಗೆ? ಅದಕ್ಕೇ ಸುತ್ತು ಹಾಕ್ತೀವಿ. ಇದು ಬೆಟ್ಟದ ವಿಷಯ ಆಯ್ತು, ಮನುಷ್ಯರು ಹಾಕಿದ ಬೇಲಿ ಇನ್ನೊಂದು. 2022ರಿಂದ ರಷ್ಯಾ ತನ್ನ ಆಕಾಶವನ್ನ ಅಮೆರಿಕ, ಯುರೋಪಿನ ಕಂಪನಿಗಳಿಗೆ ಮುಚ್ಚಿದೆ, ನಮ್ಮವಕ್ಕೆ ಮುಚ್ಚಿಲ್ಲ. ಪಾಕಿಸ್ತಾನ 2019ರಲ್ಲಿ ಕೆಲವು ತಿಂಗಳು ಮುಚ್ಚಿತ್ತು, 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ತು, ಆಗ ಡೆಲ್ಲಿಯಿಂದ ಅಮೆರಿಕಕ್ಕೆ ಹೋಗೋ ಕೆಲವು ವಿಮಾನ ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸ್ಕೊಂಡು ಹೋಗೋ ಹಾಗಾಯ್ತು.

ಪಕ್ಕದ ಮನೆಯವರು ಹೆದರಿಸಿದ ಟೆಕ್ನಿಕಲ್ ಸ್ಟಾಪ್ ಅನ್ನೋದು ಇದೇ ನೋಡಿ. ನಮ್ಮ ಭಾಷೇಲಿ ಟೆಕ್ನಿಕಲ್ ಸ್ಟಾಪ್ ಅಂದ್ರೆ ಜನ ಹತ್ತಿಸೋಕೆ ಇಳಿಸೋಕೆ ಅಲ್ಲದೆ ಸುಮ್ನೆ ಇಂಧನಕ್ಕೆ ನಿಲ್ಲೋದು, ಬಸ್ಸು ಡೀಸೆಲ್ ಹಾಕಿಸೋಕೆ ಬಂಕಿಗೆ ತಿರುಗಿದಂಗೆ. ಅದನ್ನ ಟೆಕ್ನಿಕಲ್ ಪ್ರಾಬ್ಲಂ ಜೊತೆ ಸೇರಿಸಿ ಊರೆಲ್ಲ ಹೆದರ್ತಾರೆ, ಹೆಸರಿಟ್ಟವರಿಗೆ ಸ್ವಲ್ಪ ಬುದ್ಧಿ ಇರ್ಬೇಕಿತ್ತು ಬಿಡಿ. ಇನ್ನು ಇಂಧನ ಸಾಲಲ್ಲ ಅನ್ನೋ ಮಾತು. ಈ ದಾರೀಲಿ ಹಾರಿದ ಬೋಯಿಂಗ್ 777-200 ಎಲ್‌ಆರ್ ವಿಮಾನಕ್ಕೆ 1,81,000 ಲೀಟರ್ ಹಿಡಿಯುತ್ತೆ. ಇಲ್ಲಿಂದ ಅಲ್ಲಿಗೆ ಬೇಕಾದಷ್ಟು, ಅದರ ಮೇಲೆ ಹೆಚ್ಚುಕಮ್ಮಿಗೆ ಅಂತ ಸ್ವಲ್ಪ, ಅಲ್ಲಿ ಇಳಿಯೋಕೆ ಆಗ್ದಿದ್ರೆ ಇನ್ನೊಂದು ಏರ್‌ಪೋರ್ಟಿಗೆ ಹೋಗೋಕೆ, ಅದರ ಮೇಲೂ 30 ನಿಮಿಷ ಸುತ್ತು ಹೊಡೆಯೋಕೆ, ಇಷ್ಟು ಇಲ್ಲದೆ ವಿಮಾನ ಹೊರಡೋ ಹಾಗೇ ಇಲ್ಲ, ಅದು ಕಾನೂನು. ಹಂಗಾದ್ರೆ ಸುಮ್ನೆ ಟ್ಯಾಂಕ್ ಫುಲ್ ಮಾಡಿಬಿಡಿ ಅನ್ನೋರಿದ್ದಾರೆ. ಇಷ್ಟು ದೂರದ ಹಾರಾಟದಲ್ಲಿ ಒಂದು ಟನ್ ಜಾಸ್ತಿ ಹಾಕಿದ್ರೆ ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅದನ್ನ ಹೊರೋಕೇ ಉರಿದುಹೋಗುತ್ತೆ. ಎದುರು ಗಾಳಿ ಜೋರಾಗಿರೋ ದಿನ ಆ ತೂಕಕ್ಕೆ ಜಾಗ ಮಾಡೋಕೆ ಸರಕು ಬಿಡ್ತೀವಿ, ಆಗ್ದಿದ್ರೆ ಸೀಟೂ ಖಾಲಿ ಬಿಡ್ತೀವಿ.

ಗಾಳಿ ಅಂದೆ ನೋಡಿ, ನನ್ನ ಪ್ರಕಾರ ಇಡೀ ವಿಷಯದ ತಿರುಳೇ ಅದು. ನೀವು ತುಂಗಭದ್ರೇಲಿ ಹರಿಗೋಲು ನೋಡಿದೀರಲ್ವಾ? ಅಂಬಿಗ ಅಷ್ಟೇ ಜೋರಾಗಿ ಹುಟ್ಟು ಹಾಕಿದ್ರೂ ಹರಿವಿನ ಜೊತೆ ಹೋದ್ರೆ ಬೇಗ, ಎದುರಿಗೆ ಹೋದ್ರೆ ಲೇಟು. ಆಕಾಶದಲ್ಲಿ ಹತ್ತು ಕಿಮೀ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನೋ ಗಾಳಿಯ ಹೊಳೆ ಪಶ್ಚಿಮದಿಂದ ಪೂರ್ವಕ್ಕೆ ಹರೀತಾ ಇರುತ್ತೆ, ಚಳಿಗಾಲದಲ್ಲಿ ಗಂಟೆಗೆ 200 ಕಿಮೀ ದಾಟುತ್ತೆ, ಕೆಲವು ಸಲ 300ನ್ನೂ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ಡೆಲ್ಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನ ಅಟ್ಲಾಂಟಿಕ್ ಕಡೆಯಿಂದ ತೆಗೆದು ಪೆಸಿಫಿಕ್ ಮೇಲೆ ಹಾರಿಸ್ತು. ಹಳೇ ದಾರಿ 13,900 ಕಿಮೀ, ಹೊಸದು 15,300, ಅಂದ್ರೆ 1,400 ಕಿಮೀ ಜಾಸ್ತಿ. ಆದ್ರೂ ಹದಿನಾಲ್ಕೂವರೆ ಗಂಟೇಲಿ ಹೋಗಿ ಇಳೀತು, ಹಳೇ ದಾರಿಗಿಂತ ಹೆಚ್ಚುಕಮ್ಮಿ ಎರಡು ಗಂಟೆ ಮುಂಚೆ! ಲೆಕ್ಕ ಹಾಕಿ ನೋಡಿ, ಗಂಟೆಗೆ 1,050 ಕಿಮೀ ಮೇಲೆ ಬರುತ್ತೆ, ವಿಮಾನದ ಸ್ವಂತ ವೇಗ 900ರ ಹತ್ತಿರ, ಮಿಕ್ಕಿದ್ದು ಗಾಳಿಯ ಧರ್ಮಕ್ಕೆ ಸಿಕ್ಕಿದ್ದು. ನಮ್ಮ ಡೆಸ್ಕಲ್ಲಿ ನೆಲದ ಕಿಲೋಮೀಟರ್ ಯಾರೂ ಕೇಳ್ತಿರ್ಲಿಲ್ಲ, ಏರ್ ಮೈಲ್ ಎಷ್ಟು ಅಂತಲೇ ಕೇಳೋದು, ಅಂದ್ರೆ ಗಾಳಿಯೊಳಗೆ ವಿಮಾನ ಎಷ್ಟು ಈಜಬೇಕು ಅನ್ನೋ ಲೆಕ್ಕ. ಅದು ದಿನಾ ಬದಲಾಗುತ್ತೆ. ಹೋಗುವಾಗ ಒಂದು ಹೊತ್ತು ಬರುವಾಗ ಇನ್ನೊಂದು ಹೊತ್ತು ತಗೊಳ್ಳೋದಕ್ಕೆ, ನಿನ್ನೆ ಜಪಾನ್ ಮೇಲೆ ಹೋಗಿದ್ದು ಇವತ್ತು ಅಲಾಸ್ಕಾ ಮೇಲೆ ಹೋಗೋದಕ್ಕೆ ಎಲ್ಲ ಇದೇ ಕಾರಣ. ಮಗಳು ಫೋನಲ್ಲಿ ವಿಮಾನ ಟ್ರ್ಯಾಕ್ ಮಾಡ್ತಾ, ದಾರಿ ತಪ್ಪಿದೆ ಅಂತ ಗಾಬರಿ ಆಗೋದು ಬೇಡ ಅಂತ ಅವಳಿಗೂ ಹೇಳಿ.

ಧ್ರುವದ ಚಳಿ ಬಗ್ಗೆ ಎರಡೇ ಮಾತು. ಒಳಗೆ ನಿಮಗೆ ಗೊತ್ತೇ ಆಗಲ್ಲ, ಒಂದು ಶಾಲು ಸಾಕು. ಚಳಿಯ ಯೋಚನೆ ಇರೋದು ಇಂಧನಕ್ಕೆ. ಇಲ್ಲಿ ನಮ್ಮಲ್ಲಿ ತುಂಬೋ ಜೆಟ್ ಎ-1 ಮೈನಸ್ 47 ಡಿಗ್ರಿವರೆಗೂ ತಡೆಯುತ್ತೆ, ಅಮೆರಿಕದಲ್ಲಿ ತುಂಬೋ ಜೆಟ್ ಎ ಮೈನಸ್ 40ಕ್ಕೇ ಹೆಪ್ಪುಗಟ್ಟೋಕೆ ಶುರು, ಹಾಗಾಗಿ ಅಲ್ಲಿಂದ ವಾಪಸ್ ಬರೋ ವಿಮಾನಕ್ಕೇ ನಾವು ಜಾಸ್ತಿ ಕಣ್ಣಿಟ್ಟಿರ್ತಿದ್ವಿ. ಟ್ಯಾಂಕ್ ತಣ್ಣಗಾಗ್ತಾ ಇದ್ರೆ ಸ್ವಲ್ಪ ಕೆಳಗಿನ ಬೆಚ್ಚಗಿನ ಗಾಳಿಗೆ ಇಳಿಸ್ತಾರೆ, ಇಲ್ಲಾ ವೇಗ ಹೆಚ್ಚಿಸ್ತಾರೆ.

ಸೇಫಾ ಅಂದ್ರೆ, ಸೇಫ್. ಎರಡೇ ಇಂಜಿನ್ ಇರೋ ವಿಮಾನ ಒಂದು ಇಂಜಿನ್ ನಿಂತ್ರೂ ಇಷ್ಟು ಹೊತ್ತಿನೊಳಗೆ ಯಾವುದಾದ್ರೂ ಏರ್‌ಪೋರ್ಟ್ ತಲುಪ್ಬೇಕು ಅಂತ ನಿಯಮ ಇದೆ, ದಾರಿ ಹಾಕುವಾಗಲೇ ಆ ಏರ್‌ಪೋರ್ಟುಗಳನ್ನ ಗುರುತು ಹಾಕಿರ್ತೀವಿ. ರಿಸ್ಕ್ ಇರೋದು ಬೇರೆ ಕಡೆ. 2023ರ ಜೂನ್ 6ರಂದು ಡೆಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನದ ಒಂದು ಇಂಜಿನ್‌ನಲ್ಲಿ ತೊಂದರೆ ಕಾಣಿಸ್ತು, ರಷ್ಯಾದ ಮಗದಾನ್ ಅನ್ನೋ ಊರಲ್ಲಿ ಇಳಿಸಿದ್ರು, 216 ಪ್ರಯಾಣಿಕರು, ಎಲ್ಲರೂ ಕ್ಷೇಮ. ಆದ್ರೆ ಬದಲಿ ವಿಮಾನ ಹೋಗಿ ಅವರು ಅಲ್ಲಿಂದ ಹೊರಟಿದ್ದು 8ನೇ ತಾರೀಖು. ಊಟ, ಹಾಸಿಗೆ, ಭಾಷೆ ಎಲ್ಲ ಬೇರೆ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಬಿಪಿ ಶುಗರ್ ಮಾತ್ರೆ ಕನಿಷ್ಠ ಒಂದು ವಾರದ್ದು ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿಗೆ ಹಾಕ್ಬೇಡಿ.

ಈಗ ಐದು ದಾರಿ. ಏಜೆಂಟ್ ಹೇಳೋ ಒಟ್ಟು ಗಂಟೆ ಒಂದೇ ನೋಡ್ಬೇಡಿ, ದಾರಿ ಎಲ್ಲಿ ತುಂಡಾಗುತ್ತೆ ಅಂತ ನೋಡಿ. ಡೆಲ್ಲಿ ಮೇಲೆ ಹೋದ್ರೆ ಒಟ್ಟು ದೂರ 14,080ರ ಹತ್ತಿರ, ಅಂದ್ರೆ ನೇರ ದಾರಿಗಿಂತ ನೂರು ಕಿಮೀ ಜಾಸ್ತಿ ಅಷ್ಟೇ, ಡೆಲ್ಲಿ ಹೆಚ್ಚುಕಮ್ಮಿ ಆ ದಾರದ ಮೇಲೇ ಕೂತಿದೆ. ಆದ್ರೆ ಮೊದಲ ತುಂಡು 1,700, ಎರಡನೇದು 12,400! ದುಬೈ ಕೂಡ ಅಷ್ಟೇ, 2,700 ಹೋಗಿ ಇಳಿದು, ಇನ್ನೇನು ಕಾಲು ಚಾಚಿದ್ವಿ ಅನ್ನುವಷ್ಟರಲ್ಲಿ ಮತ್ತೆ 13,000 ಕಿಮೀ, ಸುಮಾರು ಹದಿನಾರು ಗಂಟೆ ಒಂದೇ ಸಮ ಕೂರ್ಬೇಕು. ನಾನ್‌ಸ್ಟಾಪ್‌ನ ಕಷ್ಟನೂ ಅನುಭವಿಸಿ ವಿಮಾನ ಬದಲಿಸೋ ಕಷ್ಟನೂ ಅನುಭವಿಸಿದಂಗೆ. ಟಿಕೆಟ್ ಅಗ್ಗ ಆಗಿದ್ರೆ ಯುವಕರು ಹೋಗ್ಲಿ, ಮೊಣಕಾಲಿನ ಪೇಷೆಂಟಿಗೆ ನಾನು ಹೇಳಲ್ಲ.

ಫ್ರಾಂಕ್‌ಫರ್ಟ್ ದಾರಿ ಒಟ್ಟು 16,550, ಐದರಲ್ಲಿ ಅದೇ ಉದ್ದ, ಆದ್ರೆ 7,400 ಮತ್ತೆ 9,150 ಅಂತ ಹೆಚ್ಚುಕಮ್ಮಿ ಸಮ ಭಾಗ ಆಗುತ್ತೆ. ಅದಕ್ಕಿಂತ ಟೋಕಿಯೋ ಇನ್ನೂ ಚೆಂದ, 6,700 ಮತ್ತೆ 8,200, ಒಟ್ಟು 15,000ದ ಒಳಗೆ, ಹೋಗುವಾಗ ಪೂರ್ತಿ ಗಾಳಿ ಬೆನ್ನಿಗೆ. ನಮ್ಮ ಜನಕ್ಕೆ ಅಮೆರಿಕ ಅಂದ್ರೆ ಪಶ್ಚಿಮ ಅನ್ನೋದು ತಲೇಲಿ ಕೂತುಬಿಟ್ಟಿದೆ, ಪೂರ್ವಕ್ಕೆ ಹೋಗಿ ಅಂದ್ರೆ ಉಲ್ಟಾ ದಾರಿ ಅಂತ ನಗ್ತಾರೆ, ಕ್ಯಾಲಿಫೋರ್ನಿಯಾಕ್ಕೆ ಅದೇ ಸಹಜ ದಾರಿ. ಒಂದು ಎಚ್ಚರ ಮಾತ್ರ ಬೇಕು, ಟೋಕಿಯೋಗೆ ನರಿತಾ, ಹನೇಡಾ ಅಂತ ಎರಡು ಏರ್‌ಪೋರ್ಟ್, ಒಂದಕ್ಕೊಂದು ದೂರ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತೋ ಟಿಕೆಟ್ ಬೇಡವೇ ಬೇಡ. ಮತ್ತೆ ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿ ಇರ್ಬೇಕು, ಬೇರೆ ಬೇರೆ ತಗೊಂಡ್ರೆ ಮೊದಲನೇದು ಲೇಟ್ ಆಗಿ ಎರಡನೇದು ತಪ್ಪಿದ್ರೆ ಯಾರೂ ಜವಾಬ್ದಾರರಲ್ಲ. ಮಧ್ಯೆ ಕನಿಷ್ಠ ಎರಡೂವರೆ ಮೂರು ಗಂಟೆ ಸಿಗ್ಲಿ, ವೀಲ್‌ಚೇರ್ ಬುಕಿಂಗ್ ಟೈಮಲ್ಲೇ ಹೇಳಿ, ಅದಕ್ಕೆ ದುಡ್ಡಿಲ್ಲ, ಸಂಕೋಚ ಬೇಡ. ಸಸ್ಯಾಹಾರ ಆದ್ರೆ ಊಟಾನೂ ಆಗಲೇ ಬರೆಸಿ.

ನಾನ್‌ಸ್ಟಾಪ್ ಯಾರಿಗೆ? ವಿಮಾನ ಬದಲಿಸೋದು, ಬೋರ್ಡ್ ಓದೋದು, ಗೇಟ್ ಹುಡುಕೋದು ಅಂದ್ರೆ ಕೈಕಾಲು ನಡುಗುತ್ತೆ ಅನ್ನೋರಿಗೆ ಅದೇ ವಾಸಿ. ಆದ್ರೆ ಇಂಥ ಉದ್ದದ ರೂಟ್‌ಗಳು ಬರ್ತವೆ ಹೋಗ್ತವೆ, ಬೆಂಗಳೂರಿನದೂ ಮಧ್ಯೆ ನಿಂತು 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಗಿದ್ದು, ಹಾಗಾಗಿ ನೀವು ಹೊರಡೋ ತಿಂಗಳಲ್ಲಿ ಅದು ಇದೆಯಾ ಅಂತ ನೋಡ್ಕೊಂಡೇ ಯೋಚನೆ ಮಾಡಿ. ಇನ್ನೊಂದು, ಏಜೆಂಟ್ ಬಾಯಲ್ಲಿ ಡೈರೆಕ್ಟ್ ಅಂತ ಬಂದ್ರೆ ನಾನ್‌ಸ್ಟಾಪ್ ಅಂತ ತಿಳ್ಕೋಬೇಡಿ, ಒಂದೇ ನಂಬರಿನ ವಿಮಾನ ಮಧ್ಯೆ ನಿಂತ್ರೂ ಅದಕ್ಕೆ ಡೈರೆಕ್ಟ್ ಅಂತಲೇ ಹೆಸರು.

ಮೊಣಕಾಲಿನ ವಿಷಯ ನಾನು ಡಾಕ್ಟರ್ ಅಲ್ಲ, ಆಪರೇಷನ್ ಮಾಡಿದವರನ್ನೇ ಕೇಳಿ. ಯಾಕೆ ಕೇಳ್ಬೇಕು ಅಂತ ಹೇಳ್ತೀನಿ. ನಾಲ್ಕು ಗಂಟೆಗಿಂತ ಜಾಸ್ತಿ ಕೂತು ಪ್ರಯಾಣ ಮಾಡಿದ್ರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟೋ ಸಾಧ್ಯತೆ ಎರಡು ಪಟ್ಟಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು, ಆದ್ರೂ ಅದು ಆರು ಸಾವಿರಕ್ಕೆ ಒಬ್ಬರ ಲೆಕ್ಕ, ಆರೋಗ್ಯವಾಗಿರೋರು ತಲೆ ಕೆಡಿಸ್ಕೊಳ್ಳೋದು ಬೇಡ, ಈಚೆಗೆ ಆಪರೇಷನ್ ಆದವರಿಗೆ ಮಾತ್ರ ಲೆಕ್ಕ ಬೇರೆ. ಬಿಗಿ ಸಾಕ್ಸ್ ಬೇಕಾ, ಮಾತ್ರೆ ಬೇಕಾ ಅಂತ ಅವರೇ ಹೇಳ್ಲಿ, ಯಾರೋ ಹೇಳಿದ್ರು ಅಂತ ನೀವಾಗೇ ಆಸ್ಪಿರಿನ್ ನುಂಗಿಸ್ಬೇಡಿ. ನಡೆದಾಡೋ ದಾರಿ ಪಕ್ಕದ ಸೀಟೇ ತಗೊಳ್ಳಿ, ಗಂಟೆ ಎರಡು ಗಂಟೆಗೊಮ್ಮೆ ಎದ್ದು ಹಿಂದಿನ ಅಡುಗೆ ಜಾಗದವರೆಗೆ ಹೋಗಿ ಬರಲಿ. ಉಸಿರಾಟದ ತೊಂದರೆ ಇದ್ರೆ ಅದನ್ನೂ ಡಾಕ್ಟರಿಗೆ ಹೇಳಿ, 777ನಂಥ ವಿಮಾನದೊಳಗಿನ ಗಾಳಿ ಸುಮಾರು 2,400 ಮೀಟರ್ ಎತ್ತರದಷ್ಟು ತೆಳ್ಳಗಾಗ್ಬಹುದು, ನಮ್ಮ ಮುಳ್ಳಯ್ಯನಗಿರಿನೇ 1,930. ಹೊಸ 787, ಎ350 ವಿಮಾನಗಳಲ್ಲಿ ಅದು 1,800ರ ಹತ್ತಿರ ಇರುತ್ತೆ, ಸುಸ್ತು ಕಮ್ಮಿ ಅಂತ ಹೋಗಿ ಬಂದವರು ಹೇಳ್ತಾರೆ.

ನನ್ನನ್ನ ಕೇಳಿದ್ರೆ, ಡಾಕ್ಟರ್ ಒಪ್ಪಿದ್ರೆ ಟೋಕಿಯೋ, ಒಂದೇ ಟಿಕೆಟ್, ಒಂದೇ ಏರ್‌ಪೋರ್ಟ್. ಅದು ಸಿಗ್ಲಿಲ್ಲ ಅಂದ್ರೆ ಫ್ರಾಂಕ್‌ಫರ್ಟ್.

ಕೊನೇದಾಗಿ ನಿಮ್ಮ ಕೊಬ್ಬರಿ. ತಿಪಟೂರಿನವರಿಗೆ ಇದನ್ನ ಹೇಳೋಕೆ ನಂಗೇ ಬೇಜಾರು, ಒಣ ಕೊಬ್ಬರಿ ವಿಮಾನದ ಅಪಾಯಕಾರಿ ವಸ್ತುಗಳ ಪಟ್ಟೀಲಿದೆ, ಯುಎನ್ 1363 ಅಂತ ಅದಕ್ಕೆ ನಂಬರೂ ಇದೆ. ಎಣ್ಣೆ ಅಂಶ ಜಾಸ್ತಿ, ಬಿಸಿಯಾದ್ರೆ ತಾನಾಗೇ ಹೊತ್ತಿಕೊಳ್ಬಹುದು ಅಂತ. ಸ್ಕ್ಯಾನಿಂಗಲ್ಲಿ ಗಿಟುಕು ಕಂಡ್ರೆ ಬ್ಯಾಗ್ ಬಿಚ್ಚಿಸಿ ತೆಗೆಸ್ತಾರೆ, ಆ ಹೊತ್ತಲ್ಲಿ ಕೌಂಟರ್ ಮುಂದೆ ವಾದ ಮಾಡಿ ಗೆದ್ದವರನ್ನ ನಾನು ನೋಡಿಲ್ಲ. ಅಂಟಿನುಂಡೆ ಮನೇಲೇ ಕಟ್ಟಿ ಡಬ್ಬಿಗೆ ಹಾಕಿ ತಗೊಂಡು ಹೋಗಿ, ಅಲ್ಲಿ ಇಳಿದಾಗ ತಿಂಡಿ ಇದೆಯಾ ಅಂತ ಕೇಳಿದ್ರೆ ಇದೆ ಅಂತಲೇ ಹೇಳಿ, ಮುಚ್ಚಿಟ್ರೆ ದಂಡ. ಕೊಬ್ಬರಿ ಅಲ್ಲಿನ ಇಂಡಿಯನ್ ಅಂಗಡೀಲಿ ಸಿಗುತ್ತೆ, ನಿಮ್ಮ ತೋಟದ್ದರಷ್ಟು ಚೆನ್ನಾಗಿರಲ್ಲ ಅಷ್ಟೇ.